ಕನ್ನಡಕದಂಥ ಕಣ

ಅದೋ ಮತ್ತೊಂದು, ಕಣ್ಣಂಚಿನಲ್ಲಿ ಕೆಂಪಗೆ ಮಿನುಗಿದ್ದು, ಅವಳು ಮೈಕ್ರೋಸ್ಕೋಪಿನ ತಿರುಪನ್ನು ಕೂದಲೆಳೆಯಷ್ಟು ಹೊರಳಿಸಿದಳು, ಹೌದು, ಅದೇ, ಮೈತುಂಬ ಕೆಂಪು ಹರಳು, ನಡುವೆ ಎರಡು ಉಂಡೆ, ಉಂಡೆಗಳ ಮಧ್ಯೆ ಒಂದೆಳೆ — ಥೇಟ್ ಅತ್ತೆಯ ಕನ್ನಡಕ — ಎಣಿಸುವ ಯಂತ್ರದ ಗುಂಡಿ ಒತ್ತಿದಳು, ಟಕ್, ಹದಿನೇಳು, ನೂರು ಬಿಳಿ ರಕ್ತಕಣಗಳಲ್ಲಿ ಎರಡೋ ಮೂರೋ ಇರಬೇಕಾದದ್ದು, ಮಗಳ ರಕ್ತದಲ್ಲಿ ಎಣಿಕೆ ಮುಗಿಯುವ ಮೊದಲೇ ಹದಿನೇಳು. ಬ್ಯಾಕ್ಟೀರಿಯಾ ಅಂದಿದ್ದರು ಡಾಕ್ಟರು, ಐದು ದಿನ ಈ ಸಿರಪ್ ಕೊಡಿ ಸಾಕು, ಸಾಕಂತೆ, ಬ್ಯಾಕ್ಟೀರಿಯಾ ನುಗ್ಗಿದ್ದರೆ ಬೇರೆ ಪಡೆ ಬರುತ್ತಿತ್ತು, ನುಂಗಿ ನುಂಗಿ ಕೀವಾಗಿ ಸಾಯುವ ಆ ಮುಂಗೋಪಿಗಳು, ಇವು ಹಾಗಲ್ಲ, ನುಂಗಲಾಗದಷ್ಟು ದೊಡ್ಡದು ಒಳಹೊಕ್ಕಾಗ ಬರುವಂಥವು, ಸುತ್ತ ಅಂಟಿಕೊಂಡು ತಮ್ಮ ಹರಳಿನ ವಿಷವನ್ನೆಲ್ಲ ಅದರ ಮೈಮೇಲೆ ಸುರಿಯುವಂಥವು, ಅಂದರೆ ಹುಳ, ಆರು ವರ್ಷದ ಹೊಟ್ಟೆಯಲ್ಲಿ ಹುಳ, ಅದಕ್ಕೇ ಕೂಸು ಕಡ್ಡಿಯಾಗಿರುವುದು — ಯಾರಿಂದ ಬಂತು ಅಂತ ಬೇರೆ ಕೇಳಬೇಕೆ, ಸೋಪು ಮುಟ್ಟದ ಕೈ, ಬಟ್ಟೆಗೆ ಒರೆಸಿಕೊಂಡು ತುತ್ತು ಕಲಸುವ ಕೈ, ಹುಳ ಮೊದಲು ಇದ್ದದ್ದೇ ಅತ್ತೆಯ ಹೊಟ್ಟೆಯಲ್ಲಿ, ಕಳೆದ ವಾರ ಬಟ್ಟಲನ್ನೇ ಕಿತ್ತುಕೊಂಡಿದ್ದಳು, ಇನ್ಮೇಲೆ ಮಗೂಗೆ ನೀವು ತಿನ್ನಿಸೋದು ಬೇಡ ಅತ್ತೆ, ಮುದುಕಿ ಜಗಳವಾಡಲಿಲ್ಲ, ಅದೇ ಅನುಮಾನ, ತಪ್ಪಿಲ್ಲದವರು ಸುಮ್ಮನಿರುತ್ತಾರೆಯೇ, ಇವತ್ತು ಬೆಳಿಗ್ಗೆ ತಾವಾಗಿಯೇ ಬೆರಳು ಚಾಚಿ, ನನ್ನ ರಕ್ತಾನೂ ನೋಡ್ಬಿಡಮ್ಮ, ನಿನ್ನ ಮನಸ್ಸಿಗೆ ಸಮಾಧಾನ ಆಗ್ಲಿ, ಎಂದಿದ್ದರು.

ಎರಡನೆಯ ಗಾಜಿನ ಮೇಲೆ ಅತ್ತೆಯ ರಕ್ತ, ನೂರಕ್ಕೆ ಎರಡು, ಮತ್ತೆ ಎಣಿಸಿದರೂ ಎರಡೇ. ಕಣಗಳು ಕಾಣಲೆಂದು ರಕ್ತಕ್ಕೆ ಹಾಕುವ ಬಣ್ಣ ಕೆಟ್ಟಿರಬೇಕು, ಬಾಟಲಿ ಹೊಸದು, ಹೊಸ ಬಾಟಲಿಯನ್ನು ಈ ಲ್ಯಾಬಿನಲ್ಲಿ ಯಾರೂ ನಂಬುವುದಿಲ್ಲ, ಎಲ್ಲರೂ ಮಾಡುವಂತೆ ಅವಳೂ ತನ್ನದೇ ಬೆರಳು ಚುಚ್ಚಿಕೊಂಡಿದ್ದಳು, ಆರೋಗ್ಯವಂತರ ರಕ್ತ ಇದೇ ಬಣ್ಣದಲ್ಲಿ ಹೇಗೆ ಕಾಣುತ್ತದೋ ನೋಡೋಣ ಎಂದು, ಅದೇ ಮೂರನೆಯ ಗಾಜು, ಟಕ್, ಟಕ್, ಕನ್ನಡಕ, ಪಕ್ಕದಲ್ಲೇ ಇನ್ನೊಂದು, ಟಕ್, ನೋಡಿದೆಯಾ, ಬಣ್ಣ ಎಲ್ಲವನ್ನೂ ಕೆಂಪು ಮಾಡುತ್ತಿದೆ — ಹಾಗಾದರೆ ಅತ್ತೆಯದನ್ನೇಕೆ ಮಾಡಲಿಲ್ಲ, ಹತ್ತೊಂಬತ್ತು, ಇಪ್ಪತ್ತು, ಒತ್ತುತ್ತಿರುವುದು ಬರಿ ಬೆರಳು, ರಬ್ಬರಿನೊಳಗಿಂದ ಗುಂಡಿ ತಿಳಿಯುವುದಿಲ್ಲವೆಂದು ಎಣಿಸುವಾಗ ಬಲಗೈ ಗ್ಲೌಸು ತೆಗೆದಿಡುವುದು ಹನ್ನೊಂದು ವರ್ಷದ ಅಭ್ಯಾಸ, ಆದರೆ ಮಲದ ಡಬ್ಬಿಗಳ ಮುಚ್ಚಳ ತೆರೆದ ಗ್ಲೌಸಿನಲ್ಲೇ ಅಲ್ಲವೇ ಬೆಳಿಗ್ಗೆ ಈ ಯಂತ್ರವನ್ನು ಹತ್ತಿರ ಎಳೆದುಕೊಂಡದ್ದು, ದಿನವೂ ಎಳೆದುಕೊಳ್ಳುವುದು, ಸಂಜೆ ಮನೆಗೆ ಹೋದವಳೇ ಚಪ್ಪಲಿಯನ್ನೂ ಬಿಡದೆ ಬಿಸ್ಕತ್ತು ಮುರಿದು ಕೂಸಿನ ಬಾಯಿಗಿಡುವುದು, ಕೈ ತೊಳ್ಕೊಂಡು ಬಾರಮ್ಮ ಅಂದಿದ್ದರು ಒಮ್ಮೆ ಅತ್ತೆ, ಲ್ಯಾಬಲ್ಲಿ ಕೆಲಸ ಮಾಡೋಳಿಗೆ ನೀವು ಹೇಳಿಕೊಡ್ತೀರಾ, ಅಷ್ಟಕ್ಕೇ ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು, ಈಗ ಮನೆಗೆ ಹೋಗಿ ಏನನ್ನುವುದು, ಅತ್ತೆ, ನಿಮ್ಮದು ಸರಿಯಾಗಿದೆ, ನಿಮ್ಮದು — ಬೆರಳು ಗುಂಡಿಯನ್ನು ಒತ್ತಲೂ ಒಲ್ಲದು, ಬಿಡಲೂ ಒಲ್ಲದು, ಗಾಜಿನ ಮೇಲೆ ಇನ್ನೊಂದು ಕನ್ನಡಕ, ಅವಳದೇ ರಕ್ತದೊಳಗಿಂದ ಅವಳನ್ನೇ ನೋಡುತ್ತಿರುವ ಕನ್ನಡಕ