ಗುಡಾಣದ ಕೊರಳಿಗೆ ನೀರು

ಬೈರಕೂರು ಹೋಬಳಿಯ ಒಂದು ಹಳ್ಳಿಯಲ್ಲಿ ಮುನಿಕೃಷ್ಣ ಹದಿನೆಂಟು ವರ್ಷದಿಂದ ನೀರಗಂಟಿ. ಪಂಚಾಯಿತಿಯ ಕಡತದಲ್ಲಿ ಹಾಗಿತ್ತು. ಊರವರ ಬಾಯಲ್ಲಿ ವಾಟರ್‌ಮ್ಯಾನ್. ಬೋರ್‌ವೆಲ್ಲಿನ ಮೋಟರು ಹಾಕುವುದು, ಟ್ಯಾಂಕು ತುಂಬಿಸುವುದು, ದಿನಕ್ಕೊಂದು ಬೀದಿಯಂತೆ ವಾಲ್ವು ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಟ್ಯಾಂಕು ತುಂಬಲು ಮೂರು ಗಂಟೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಪಕ್ಕದ ಪಂಚಾಯಿತಿ ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದನ್ನು ಓದುತ್ತಿದ್ದ. ಪತ್ತೇದಾರಿ, ಪುರಾಣ, ಹಳೆಯ ವಾರಪತ್ರಿಕೆ, ಯಾವುದಾದರೂ ಆದೀತು.

ಆರು ವರ್ಷದ ಹಿಂದೆ ಗ್ರಂಥಪಾಲಕಿ ಆದಿಲಕ್ಷ್ಮಿ ಅವನ ಕೈಗೆ ‘ಗುಡಾಣ’ ಎಂಬ ಕಾದಂಬರಿ ಕೊಟ್ಟಳು. ಬರೆದವರು ಕೋಲಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ವೇಣುಗೋಪಾಲ್. ಭೂಮಿಯಿಂದ ಬಹು ದೂರದಲ್ಲಿ ಮನುಷ್ಯರೇ ಕಟ್ಟಿಕೊಂಡ ಒಂದು ಲೋಕ. ಆಕಾರ ನೀರು ತುಂಬಿಡುವ ದೊಡ್ಡ ಮಣ್ಣಿನ ಗುಡಾಣದ್ದು. ಅದು ಬುಗುರಿಯಂತೆ ತಿರುಗುತ್ತಲೇ ಇರುತ್ತದೆ, ತಿರುಗುವುದರಿಂದಲೇ ಒಳಗಿನ ಜನರ ಕಾಲು ನೆಲಕ್ಕೆ ಹತ್ತಿಕೊಂಡಿರುತ್ತದೆ. ಗುಡಾಣದ ಹೊಟ್ಟೆ ತಗ್ಗು, ಕೊರಳು ದಿಣ್ಣೆ. ನೀರೆಲ್ಲ ಹೊಟ್ಟೆಯಲ್ಲಿ. ಕೊರಳಿನ ಊರುಗಳಿಗೆ ನೀರು ಬಿಡುವ ಹೊನ್ನಿ ಎಂಬ ಮುದುಕಿಯೇ ಕಥೆಯ ನಾಯಕಿ. ಕೊನೆಯ ಅಧ್ಯಾಯದಲ್ಲಿ ಒಂಬತ್ತು ದಿನ ಕೊರಳಿಗೆ ಒಂದು ತೊಟ್ಟೂ ಬರುವುದಿಲ್ಲ. ಕಾರಣ ನೋಡಿಬರುತ್ತೇನೆಂದು ಹೊನ್ನಿ ಒಬ್ಬಳೇ ಪೈಪಿನ ಜಾಡು ಹಿಡಿದು ಇಳಿಯತೊಡಗುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿದಿತ್ತು.

ಮುನಿಕೃಷ್ಣ ಅದನ್ನು ನಾಲ್ಕು ಸಲ ಓದಿದ. ವಾಲ್ವು ತಿರುಗಿಸುವವರನ್ನು ಜನ ಬೈಯುವುದು, ತಗ್ಗಿನ ಬೀದಿಯವರು ತಮ್ಮ ಡ್ರಮ್ಮು ತುಂಬಿದ ಮೇಲೂ ನಲ್ಲಿ ಮುಚ್ಚದಿರುವುದು, ಎಲ್ಲವೂ ಅವನ ಊರಿನಲ್ಲಿ ನಡೆದ ಹಾಗೇ ಇತ್ತು. ತನ್ನಂಥವರನ್ನು ಇಟ್ಟುಕೊಂಡು ಮುನ್ನೂರು ಪುಟ ಬರೆದವರನ್ನು ಅವನು ಕಂಡಿರಲಿಲ್ಲ. ನೀರು ಯಾಕೆ ನಿಂತಿತು ಎಂದು ಅವನೇ ಲೆಕ್ಕ ಹಾಕುತ್ತಿದ್ದ. ಪೈಪಿನೊಳಗೆ ಗಾಳಿ ಸಿಕ್ಕಿಕೊಂಡು ಏರ್ ಹಿಡಿದಿರಬಹುದು, ಕೆಳಗಿನವರು ಅಡ್ಡ ಪೈಪು ಹಾಕಿರಬಹುದು. ಎರಡನೆಯ ಭಾಗ ಬಂತಾ ಎಂದು ಆದಿಲಕ್ಷ್ಮಿಯನ್ನು ಕೇಳಿ ಕೇಳಿ, ಕೊನೆಗೆ ಅವಳು ಅವನನ್ನು ಕಂಡಾಗಲೆಲ್ಲ ಕೇಳುವ ಮುಂಚೆಯೇ ತಲೆ ಅಲ್ಲಾಡಿಸತೊಡಗಿದ್ದಳು.

ಈ ವರ್ಷ ಬಂತು. ‘ಗುಡಾಣ: ಎರಡನೆಯ ಸುತ್ತು’, ನಾನೂರ ಇಪ್ಪತ್ತು ಪುಟ.

ಮೋಟರು ಹಾಕಿ ಬಂದು ಅವನು ಓದಲು ಕೂತ. ಒಂಬತ್ತನೆಯ ಪುಟದಲ್ಲಿ ಹೀಗಿತ್ತು: ‘ಹೊನ್ನಿ ತೀರಿಕೊಂಡು, ಕೊರಳಿನ ನೀರಿನ ಸಮಸ್ಯೆ ಬಗೆಹರಿದು ಆಗಲೇ ಇಪ್ಪತ್ತು ವರ್ಷ ಕಳೆದಿತ್ತು.’

ಅವನು ಹಿಂದಿನ ಪುಟ ನೋಡಿದ, ಮುಂದಿನದು ನೋಡಿದ. ಪುಟ ಸಂಖ್ಯೆಗಳನ್ನು ಬೆರಳಿಟ್ಟು ಎಣಿಸಿದ. ಪುಸ್ತಕ ಎತ್ತಿಕೊಂಡು ಆದಿಲಕ್ಷ್ಮಿಯ ಮೇಜಿಗೆ ಹೋದ.

“ಇದರಲ್ಲಿ ಪೇಜು ಬಿಟ್ಟೋಗವೆ ಕಣಮ್ಮ. ಬೇರೆ ಕಾಪಿ ಐತಾ?”

ಅವಳು ತಿರುವಿ ನೋಡಿದಳು. “ಎಲ್ಲಾ ಸರಿಯಾಗೈತಲ್ಲಣ್ಣ.”

“ಸರಿಯಾಗಿದ್ರೆ ನೀರು ಹೆಂಗೆ ಬಂತು ಅಂತ ಎಲ್ಲೈತೆ?”

ಎಲ್ಲಿಯೂ ಇರಲಿಲ್ಲ. ಮುಂದೆಲ್ಲ ಹೊನ್ನಿಯ ಮೊಮ್ಮಗಳು ಕೊರಳಿನ ರಾಣಿಯಾಗುವುದು, ಹೊಟ್ಟೆಯ ಸೇನಾಪತಿಯ ಮೇಲೆ ಅವಳಿಗೆ ಮನಸ್ಸಾಗುವುದು, ಎರಡು ಯುದ್ಧ, ಗೋಡೆಯ ಮೇಲೆ ಯಾರೋ ಕೆತ್ತಿಟ್ಟ ಭವಿಷ್ಯವಾಣಿ. ಅಷ್ಟು ದೊಡ್ಡ ಸೇನೆ ಕೊರಳಿಗೆ ಹತ್ತಿತಲ್ಲ, ಕುಡಿಯಲು ಏನು ಮಾಡಿತು ಎಂದು ಪ್ರತಿ ಪುಟಕ್ಕೂ ಮುನಿಕೃಷ್ಣನಿಗೆ ಅನಿಸುತ್ತಿತ್ತು. ಎಂಟು ದಿನದಲ್ಲಿ ಓದಿ ಮುಗಿಸಿದ. ಆ ಎಂಟು ದಿನವೂ ಮನೆಯಲ್ಲಿ ಗೊಣಗಿದ. ಅವನ ಹೆಂಡತಿ ಶೋಭಾರಾಣಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೇಳಿಸಿಕೊಂಡಳು.

“ಪೋನೀ ಬಿಡು. ಕತೆ ತಾನೆ,” ಅಂದಳು.

“ಕತೆ ಅಂತ್ಲೇ ಕಣೇ ಹೇಳ್ತಿರೋದು. ಆರು ವರ್ಷ ಕಾದಿದೀನಿ.”

ಮುಳಬಾಗಿಲಿನ ಹೈಸ್ಕೂಲ್ ಮೇಷ್ಟ್ರು ಅನಿಲ್‌ಕುಮಾರ್ ‘ಗುಡಾಣ ಓದುಗರು’ ಎಂಬ ವಾಟ್ಸಾಪ್ ಗುಂಪು ನಡೆಸುತ್ತಿದ್ದರು. ಆದಿಲಕ್ಷ್ಮಿ ಅವನನ್ನೂ ಅದಕ್ಕೆ ಸೇರಿಸಿದಳು. ಅಲ್ಲಿ ಆಗಲೇ ಅಭಿಪ್ರಾಯಗಳ ಸಂತೆ ನಡೆದಿತ್ತು. ಮೊದಲನೆಯದಕ್ಕಿಂತ ಇದೇ ಮೇಲು ಎಂದು ಮಾಲೂರಿನವರೊಬ್ಬರು. ರಾಣಿ ಸೇನಾಪತಿಯನ್ನು ಮದುವೆಯಾಗಬೇಕಿತ್ತು ಎಂದು ಇನ್ನೊಬ್ಬರು. ಯುದ್ಧ ಚೆನ್ನಾಗಿದೆ, ಮಧ್ಯದ ನೂರು ಪುಟ ಎಳೆದಿದ್ದಾರೆ ಎಂದು ಶ್ರೀನಿವಾಸಪುರದ ಕಾಲೇಜು ಹುಡುಗಿ ಚಂದನ. ಹೊನ್ನಿಯ ಹೆಸರು ಯಾರೂ ಎತ್ತಿರಲಿಲ್ಲ. ಮುನಿಕೃಷ್ಣ ಅರ್ಧ ಗಂಟೆ ಕೂತು ಒಂದೊಂದೇ ಅಕ್ಷರ ಒತ್ತಿ ಬರೆದ: ‘ಮೊದಲ ಪುಸ್ತಕದ ಕೊನೆಗೆ ನಿಂತ ನೀರು ಯಾಕೆ ನಿಂತಿತು, ಹೇಗೆ ಬಂತು, ಲೇಖಕರು ಹೇಳಿಲ್ಲ. ಇದು ಓದುಗರಿಗೆ ಮೋಸ.’

ಎರಡು ಹೆಬ್ಬೆರಳು ಬಂದವು. ಆಮೇಲೆ ಯಾರೋ ಬರೆದರು: ‘ಸರ್ ವಾಟರ್‌ಮ್ಯಾನ್ ಅಂತೆ, ನೀರೇ ಕಾಣುತ್ತೆ.’ ಅದಕ್ಕೆ ನಗುವ ಮುಖಗಳು ಹನ್ನೊಂದು ಬಂದವು. ಮುನಿಕೃಷ್ಣ ಫೋನು ಆರಿಸಿ ಜೇಬಿಗೆ ಹಾಕಿಕೊಂಡು, ಆ ದಿನ ಸಂಜೆಯವರೆಗೂ ತೆಗೆಯಲಿಲ್ಲ.

ಮುಂದಿನ ಭಾನುವಾರ ಮುಳಬಾಗಿಲಿನಲ್ಲಿ ಓದುಗರ ಸಭೆ ಇತ್ತು, ಲೇಖಕರೇ ಬರುವವರಿದ್ದರು. ಮೋಟರನ್ನು ಶೋಭಾರಾಣಿಗೆ ಒಪ್ಪಿಸಿ ಅವನು ಬೆಳಗಿನ ಬಸ್ಸಿಗೆ ಹೋದ. ಶಾಲೆಯ ಹಾಲಿನಲ್ಲಿ ಮೂವತ್ತು ಜನ ಸೇರಿದ್ದರು. ಹತ್ತಕ್ಕೆ ಎಂದಿದ್ದ ಸಭೆ ಹನ್ನೊಂದೂವರೆಗೆ ಶುರುವಾಯಿತು. ಸ್ವಾಗತ, ಪ್ರಾರ್ಥನೆ, ಶಾಲು ಹೊದಿಸುವುದು, ನಾಲ್ವರ ಭಾಷಣ. ಓದುಗರು ಈಗ ಮಾತಾಡಬಹುದು ಎಂದಾಗ ಮೈಕು ಮುಂದಿನ ಸಾಲಿನಲ್ಲೇ ಸುತ್ತಿತು. ಮುನಿಕೃಷ್ಣ ಐದು ಸಲ ಕೈ ಎತ್ತಿದ. ಆರನೆಯ ಸಲ ಎದ್ದೇ ನಿಂತ. ಅನಿಲ್‌ಕುಮಾರ್ ಮೈಕು ಹಿಡಿದು ಬಂದವರು, “ಚಿಕ್ಕದಾಗಿ ಸರ್, ಊಟದ ಹೊತ್ತಾಯ್ತು,” ಅಂದರು.

“ನೀರು ಹೆಂಗೆ ಬಂತು ಸರ್?” ಎಂದು ಮುನಿಕೃಷ್ಣ ಕೇಳಿದ.

ಹಾಲಿನಲ್ಲಿ ನಗು ಎದ್ದಿತು. ವೇಣುಗೋಪಾಲ್ ನಗಲಿಲ್ಲ; ಉತ್ತರಕ್ಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅನಿಲ್‌ಕುಮಾರ್ ಮೈಕು ತೆಗೆದುಕೊಂಡು ವಂದನಾರ್ಪಣೆ ಶುರುಮಾಡಿಬಿಟ್ಟರು.

ಊಟದ ಸಾಲಿನಲ್ಲಿ ಲೇಖಕರೇ ತಟ್ಟೆ ಹಿಡಿದುಕೊಂಡು ಅವನ ಹತ್ತಿರ ಬಂದರು. ಎಪ್ಪತ್ತರ ಸಮೀಪದ, ತೆಳ್ಳಗಿನ ಮನುಷ್ಯ.

“ನೀರಿನ ಪ್ರಶ್ನೆ ಕೇಳಿದ್ದು ನೀವಲ್ವಾ? ಅದನ್ನ ಬರೆದಿದ್ದೆ. ಎಂಬತ್ತು ಪುಟ. ಹೊನ್ನಿ ಕೆಳಗಿಳಿದು ಹೋಗೋದು, ದುರಸ್ತಿ, ಎಲ್ಲಾ.”

“ಮತ್ತೆ ಎಲ್ಲೋಯ್ತು ಸರ್?”

“ತೆಗೆದೆ. ಕರಡು ಓದಿದವರು ಎಲ್ಲರೂ ಬೋರು ಅಂದ್ರು. ಮೊದಲ ಭಾಗಕ್ಕೆ ನನಗೆ ಇನ್ನೂರು ಚಿಲ್ಲರೆ ಪತ್ರ ಬಂದಿತ್ತು. ರಾಣಿ ಬೇಕು, ಯುದ್ಧ ಬೇಕು ಅಂತಾನೇ ಎಲ್ಲಾ. ನೀರು ಬೇಕು ಅಂತ ಒಬ್ಬರೂ ಬರೀಲಿಲ್ಲ.”

“ನನ್ನನ್ನ ಯಾರೂ ಕೇಳಲಿಲ್ವಲ್ಲ ಸರ್.”

“ಪುಸ್ತಕದ ಹಿಂದೆ ನನ್ನ ವಿಳಾಸ ಇತ್ತಲ್ಲಪ್ಪ. ನೀವ್ಯಾಕೆ ಬರೀಲಿಲ್ಲ?”

ಆ ವಿಳಾಸ ಮುನಿಕೃಷ್ಣನಿಗೆ ಬಾಯಿಪಾಠವಾಗಿತ್ತು. ಒಂದು ಇನ್‌ಲ್ಯಾಂಡ್ ಪತ್ರ ಕೂಡ ತಂದಿಟ್ಟಿದ್ದ. ನೀರು ಬಿಡುವವನ ಮಾತು ಪ್ರೊಫೆಸರರಿಗೆ ಏಕೆ ಎಂದುಕೊಂಡು, ಇವತ್ತು ನಾಳೆ ಅನ್ನುತ್ತ ಆರು ವರ್ಷ ದೂಡಿದ್ದ. ವೇಣುಗೋಪಾಲ್ ಅವನ ನಂಬರು ಬರೆದುಕೊಂಡು, “ಆ ಎಂಬತ್ತು ಪುಟ ಕಂಪ್ಯೂಟರಿನಲ್ಲಿದೆ, ಕಳಿಸ್ತೀನಿ,” ಅಂದರು.

ಹೇಳಿದಂತೆಯೇ ಮಂಗಳವಾರ ಕಳಿಸಿದರು. ಮುನಿಕೃಷ್ಣ ಅಂದು ಮೋಟರು ಹಾಕಿ, ಗ್ರಂಥಾಲಯಕ್ಕೂ ಹೋಗದೆ ಟ್ಯಾಂಕಿನ ನೆರಳಲ್ಲೇ ಕೂತು ಫೋನಿನ ಮೇಲೆ ಬಗ್ಗಿದ. ಹೊನ್ನಿ ಇಳಿಯುವುದನ್ನು ಚೆನ್ನಾಗಿ ಬರೆದಿದ್ದರು. ಅವಳ ಮಂಡಿನೋವು, ಪೈಪಿಗೆ ಕಿವಿಯಿಟ್ಟು ಕೇಳುವ ಅಭ್ಯಾಸ, ದಾರಿಯಲ್ಲಿ ಸಿಕ್ಕವರ ಜೊತೆ ಜಗಳ. ಅರವತ್ತೊಂದನೆಯ ಪುಟದಲ್ಲಿ ಅವಳು ಹೊಟ್ಟೆಯ ತಳ ಮುಟ್ಟಿದಳು. ಅಲ್ಲಿ ಪೈಪು ಬಿರುಕು ಬಿಟ್ಟಿತ್ತು. ಹೊನ್ನಿ ತನ್ನ ಸೆರಗು ಹರಿದು, ಅರಗು ಮೆತ್ತಿ ಬಿರುಕು ಮುಚ್ಚಿದಳು. ನೀರು ತಾನಾಗಿ ಕೊರಳಿಗೆ ಏರಿತು.

ಮುನಿಕೃಷ್ಣ ಮತ್ತೆ ಓದಿದ. ಹೊಟ್ಟೆಯಿಂದ ಕೊರಳಿಗೆ ನಾಲ್ಕು ಕಿಲೋಮೀಟರ್ ಎತ್ತರ ಎಂದು ಮೊದಲ ಪುಸ್ತಕದಲ್ಲೇ ಇತ್ತು. ಇಲ್ಲಿ ಒಂದೇ ಪೈಪು. ನಡುವೆ ಪಂಪಿಲ್ಲ, ಟ್ಯಾಂಕಿಲ್ಲ, ನೀರು ಹಿಂದಕ್ಕೆ ಬರದಂತೆ ಒಂದು ವಾಲ್ವೂ ಇಲ್ಲ. ಅವನ ಊರಲ್ಲಿ ಮೂವತ್ತಡಿ ಟ್ಯಾಂಕಿನ ಒತ್ತಡಕ್ಕೇ ವರ್ಷಕ್ಕೆ ನಾಲ್ಕು ಕಡೆ ಜಾಯಿಂಟು ಬಿಚ್ಚಿಕೊಳ್ಳುತ್ತಿತ್ತು.

ಅವನು ಕೂಡಲೇ ಫೋನು ಮಾಡಿದ.

“ಸರ್, ನೀವು ಫಿಸಿಕ್ಸ್ ಮೇಷ್ಟ್ರು.”

“ಹೌದು. ಯಾಕೆ?”

“ಸೆರಗಲ್ಲಿ ಕಟ್ಟಿದ್ರೆ ನಾಲ್ಕು ಕಿಲೋಮೀಟರ್ ನೀರು ತಾನಾಗೇ ಹೆಂಗೆ ಹತ್ತುತ್ತೆ ಸರ್?”

“ಗುಡಾಣದಲ್ಲಿ ಮೇಲೆ ಹೋದ ಹಾಗೆ ತೂಕ ಕಡಿಮೆಯಾಗುತ್ತೆ ಕಣಪ್ಪ.”

“ಕಡಿಮೆ ಆಗುತ್ತೆ ಸರ್. ಇಲ್ದಂಗೆ ಆಗಲ್ವಲ್ಲ.”

“ಇದು ಕಥೆ. ಅವಳು ಸೆರಗು ಹರಿಯೋದೇ ಅಲ್ಲಿ ಮುಖ್ಯ.”

“ಎಲ್ರೂ ಅದೇ ಹೇಳ್ತಾರೆ ಸರ್, ಕತೆ ಅಂತ. ನೀರು ಬರದಿದ್ರೆ ಬೈಸಿಕೊಳ್ಳೋಳು ಹೊನ್ನಿ. ಅವಳಿಗೆ ಗೊತ್ತಿರಲ್ವಾ ನೀರು ಹೆಂಗೆ ಹತ್ತುತ್ತೆ ಅಂತ? ಅವಳನ್ನ ಪೆದ್ದಿ ಮಾಡ್ಬಿಟ್ರಿ.”

“ಹಾಗಾದ್ರೆ ನೀವೇ ಬರೀರಿ,” ಎಂದು ಅವರು ಫೋನು ಇಟ್ಟರು. ದನಿಯಲ್ಲಿ ಸಿಟ್ಟಿತ್ತು.

ಮುನಿಕೃಷ್ಣ ಬರೆದ. ಪಂಚಾಯಿತಿಯಿಂದ ಒಂದಷ್ಟು ಬಿಳಿ ಹಾಳೆ ತಂದು, ನಾಲ್ಕು ದಿನ ಕೂತು ಹನ್ನೆರಡು ಪುಟ ತುಂಬಿಸಿದ. ಅವನ ಗುಡಾಣದಲ್ಲಿ ದಿಣ್ಣೆಯುದ್ದಕ್ಕೂ ನಲವತ್ತು ಟ್ಯಾಂಕುಗಳು, ಒಂದರಿಂದ ಮೇಲಿನದಕ್ಕೆ ಒಂದು ಪಂಪು. ಹೊನ್ನಿ ಹದಿನೇಳನೆಯ ಟ್ಯಾಂಕಿನ ಹತ್ತಿರ ಕೆಟ್ಟ ವಾಲ್ವು ಕಂಡುಹಿಡಿದು, ಬಿಚ್ಚಿ, ಒಳಗಿನ ರಬ್ಬರು ಬದಲಾಯಿಸುತ್ತಾಳೆ. ಪಕ್ಕದಲ್ಲಿ ಚಿತ್ರವನ್ನೂ ಬರೆದ. ಒಂದು ಪ್ರತಿಯನ್ನು ವೇಣುಗೋಪಾಲರ ವಿಳಾಸಕ್ಕೆ ಅಂಚೆಗೆ ಹಾಕಿದ. ಇನ್ನೊಂದರ ಫೋಟೋ ತೆಗೆದು, ನಕ್ಕವರೆಲ್ಲ ಓದಲಿ ಎಂದು ಗುಂಪಿಗೆ ಹಾಕಿದ.

ಲೇಖಕರಿಂದ ಉತ್ತರ ಬರಲಿಲ್ಲ. ಗುಂಪಿನಲ್ಲೂ ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಮೂರನೆಯ ದಿನ ಶೋಭಾರಾಣಿ ಮುದ್ದೆ ತಟ್ಟೆಗೆ ಹಾಕುವ ಹೊತ್ತಿಗೆ ಚಂದನಳ ಸಂದೇಶ ಬಂತು: ‘ಅಂಕಲ್, ಪೂರ್ತಿ ಓದಿದೆ. ಆದರೆ ನಲವತ್ತು ಪಂಪಿಗೆ ಕರೆಂಟು ಎಲ್ಲಿಂದ? ಕೊರಳಿಗೆ ಕರೆಂಟು ಕೊಡಲ್ಲ ಅಂತ ಮೊದಲ ಭಾಗದ ನೂರ ಎಪ್ಪತ್ತನೇ ಪುಟದಲ್ಲೇ ಇದೆ. ನೀವು ಓದಿದ್ದೀರಾ?’

“ಓದಿದ್ದೀನಾ ಅಂತ ಕೇಳ್ತಾಳೆ ನೋಡು,” ಎಂದು ಮುನಿಕೃಷ್ಣ ಹೆಂಡತಿಗೆ ಫೋನು ತೋರಿಸಿದ. “ನಾಲ್ಕು ಸಲ ಓದಿದೀನಿ ನಾನು.”

“ಹಂಗಾದ್ರೆ ಕರೆಂಟು ಎಲ್ಲಿಂದ?” ಎಂದಳು ಶೋಭಾರಾಣಿ.

ಅವನು ಊಟ ಬಿಟ್ಟೆದ್ದು ಆದಿಲಕ್ಷ್ಮಿಯ ಮನೆಗೆ ಹೋಗಿ, ಗ್ರಂಥಾಲಯದ ಬೀಗ ತೆಗೆಸಿ, ನೂರ ಎಪ್ಪತ್ತನೆಯ ಪುಟ ನೋಡಿದ. ಇತ್ತು. ಮೇಲಿಂದ ಮೂರನೆಯ ಸಾಲು.

ಕಪಾಟಿಗೆ ಒರಗಿ ನಿಂತು ಅವನು ಫೋನಿನಲ್ಲಿ ‘ಡೀಸೆಲ್’ ಎಂದು ಒತ್ತಿದ. ಗುಡಾಣದಲ್ಲಿ ಡೀಸೆಲ್ ಎಲ್ಲಿಂದ ಬರಬೇಕು? ಅಳಿಸಿದ. ‘ನೋಡಿ ಹೇಳ್ತೀನಮ್ಮ’ ಎಂದು ಬರೆದು ಕಳಿಸಿ, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಆದಿಲಕ್ಷ್ಮಿ ಅದನ್ನು ಐದನೆಯ ಸಲ ಅವನ ಹೆಸರಿಗೆ ಬರೆದುಕೊಂಡಳು.