ಆರನೆಯ ನಿಯಮ

"ಹೆಸರು ಮುಚ್ಚಿ," ಎಂದ ಸಂಜೀವ.

ಮಾಧವಿ ಬಿಳಿ ಕಾಗದದ ಪಟ್ಟಿಯೊಂದನ್ನು ಅರ್ಜಿಯ ಮೇಲ್ಭಾಗಕ್ಕೆ ಅಂಟಿಸಿದಳು.

"ಊರು ಸರ್?"

"ಅದನ್ನೂ."

"ತಂದಿ ಉದ್ಯೋಗ?"

"ಅದನ್ನೂ ಮುಚ್ಚಿ."

"ಹಿಂಗಾದ್ರ ಉಳಿಯೋದರೆ ಏನ್ರಿ ಸರ್?"

"ಅರ್ಹತೆ."

ಆ ಶಬ್ದ ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನಾಡಿದ್ದು ತಾನೋ ಮೇಜಿನ ಮೇಲಿದ್ದ ಪುಸ್ತಿಕೆಯೋ ಎಂದು ಸಂಜೀವನಿಗೆ ಒಂದು ಕ್ಷಣ ಅನುಮಾನವಾಯಿತು. ಪುಸ್ತಿಕೆ ಅವನೇ ಬರೆದದ್ದು. ಪದವಿ ಓದುವ ಹುಡುಗರನ್ನು ಸಂಶೋಧನಾ ಸಹಾಯಕರಾಗಿ ಆರಿಸಿಕೊಳ್ಳುವುದು ಹೇಗೆಂದು ಅಧ್ಯಾಪಕರಿಗೆ ತಿಳಿಸುವ ಹದಿನಾಲ್ಕು ಪುಟಗಳು, ಒಂಬತ್ತು ನಿಯಮಗಳು. ರಾಯಚೂರಿನ ಕಚೇರಿಯಿಂದ ಅದನ್ನು ಹಿಡಿದುಕೊಂಡು ಅವನು ಸಂಯೋಜಕನಾಗಿ ಕಾಲೇಜಿನಿಂದ ಕಾಲೇಜಿಗೆ ಹೋಗುತ್ತಿದ್ದ. ಅವನು ಯಾರನ್ನೂ ಆರಿಸುತ್ತಿರಲಿಲ್ಲ. ಆರಿಸುವವರ ಪಕ್ಕದಲ್ಲಿ ಕೂತಿರುತ್ತಿದ್ದ, ಅಷ್ಟೇ.

ಇವತ್ತು ಮಾನ್ವಿ. ಅರ್ಥಶಾಸ್ತ್ರ ಕಲಿಸುವ ಮಾಧವಿಗೆ ಮೊದಲ ಸಲ ಒಂದು ಸಂಶೋಧನಾ ಯೋಜನೆ ಸಿಕ್ಕಿತ್ತು: ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚುವ ಹೆಂಗಸರ ದುಡಿಮೆ. ಒಬ್ಬರು ಸಹಾಯಕರು ಬೇಕು. ಅರ್ಜಿ ಹನ್ನೊಂದು. ಸಂಖ್ಯಾಶಾಸ್ತ್ರದ ಸೈಫುದ್ದೀನ್ ಜೊತೆಗಿದ್ದ. ತಣ್ಣಗಿನ ಮನುಷ್ಯ, ಪೆನ್ನಿನ ಟೋಪಿ ಕಚ್ಚುತ್ತ ಓದುತ್ತಿದ್ದ.

ಹನ್ನೊಂದೂವರೆಗೆ ಇಬ್ಬರು ಉಳಿದರು. ಪಟ್ಟಿ ಕಿತ್ತು ನೋಡಿದರೆ ಮಾನ್ವಿಯ ನೌಶೀನ್, ಹಿರೇಕೊಟ್ನೆಕಲ್‌ನ ಕಲ್ಯಾಣಿ.

ನೌಶೀನ್ ಮೊದಲು ಬಂದಳು. ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾಗಿ ಉತ್ತರಿಸಿದಳು. ಕಂಪ್ಯೂಟರ್ ಗೊತ್ತು, ಕೋಷ್ಟಕ ಮಾಡುತ್ತಾಳೆ, ಅಣ್ಣನ ಗಾಡಿಯಲ್ಲಿ ಹಳ್ಳಿಗೆ ಹೋಗಿ ಬರಬಲ್ಲಳು. ಸೈಫುದ್ದೀನ್ "ಬರಾಬರ್ ಅದ" ಎಂದು ಅಂಕ ಬರೆದ. ಯಾರಿಗೂ ತಕರಾರು ಇರಲಿಲ್ಲ.

ಆಮೇಲೆ ಕಲ್ಯಾಣಿ. ಬಸ್ಸಿನಲ್ಲಿ ನಿಂತು ಬಂದಿದ್ದಳೇನೋ, ವೇಲ್‌ನ ಒಂದು ತುದಿ ಧೂಳಾಗಿತ್ತು. ಮಾಧವಿ ಪ್ರಶ್ನಾವಳಿಯ ಹಾಳೆ ಅವಳ ಮುಂದೆ ಸರಿಸಿ, "ಓದಿ, ಏನನಸ್ತದ ಹೇಳವ್ವ," ಎಂದಳು.

ಹುಡುಗಿ ನಿಧಾನಕ್ಕೆ ಓದಿದಳು. ಏಳನೆಯ ಪ್ರಶ್ನೆಯ ಮೇಲೆ ಬೆರಳಿಟ್ಟಳು. "ದಿನಕ್ಕೆ ಎಷ್ಟು ತಾಸು ವಿಶ್ರಾಂತಿ ಪಡೆಯುತ್ತೀರಿ ಅಂತ ಅದಲ್ರೀ ಮೇಡಂ, ಇದಕ್ಕ ಯಾರೂ ಖರೆ ಹೇಳಂಗಿಲ್ರಿ."

"ಯಾಕ?"

"ಗುಂಪು ಕಟ್ಟಿ ಗುತ್ತಿಗಿ ಹಿಡದಿರ್ತಾರ್ರಿ. ಕೂತೀನಿ ಅಂದಾಕಿ ಮೈಗಳ್ಳಿ ಅನ್ನಿಸ್ಕೊಳ್ತಾಳ. ಮುಂದಿನ ಹೊಲಕ್ಕ ಆಕಿನ್ನ ಕರಿಯಂಗಿಲ್ಲ."

"ಮತ್ತ ನೀನು ಹ್ಯಾಂಗ ಕೇಳ್ತೀ?"

"ನೀರು ಕುಡಿಯಾಕ ಎಲ್ಲಿಗೆ ಹೋಗ್ತೀರಿ ಅಂತ ಕೇಳ್ತೀನ್ರಿ. ಎಷ್ಟು ದೂರ, ಯಾರು ಜೋಡಿ ಬರ್ತಾರ ಅಂತ. ಅಷ್ಟು ಕೇಳಿದ್ರ ಉಳಿದಿದ್ದು ಅವರ ತಾವಽ ಹೇಳ್ತಾರ್ರಿ."

ಸೈಫುದ್ದೀನ್ ಪೆನ್ನನ್ನು ಬಾಯಿಂದ ತೆಗೆದ. ಮಾಧವಿ ಆ ಪ್ರಶ್ನೆಯನ್ನು ಅಲ್ಲೇ ಹೊಡೆದುಹಾಕಿದಳು. ಸಂಜೀವನಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಹೊಟ್ಟೆಕಿಚ್ಚಿನಂಥದ್ದೇನೋ ಎದ್ದಿತು. ಹುಡುಗಿಯ ಮೇಲೆ ಯಾಕೆ ಹೊಟ್ಟೆಕಿಚ್ಚು ಎಂದು ಅವನಿಗೆ ತಿಳಿಯಲಿಲ್ಲ.

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಎಂದ. ಪ್ರಶ್ನೆ ಕೇಳುವುದು ಅವನ ಕೆಲಸವಾಗಿರಲಿಲ್ಲ.

"ನಮ್ಮವ್ವ ಅದಽ ಮಾಡ್ತಾಳ್ರಿ. ರಜಾದಾಗ ನಾನೂ ಹೋಗ್ತೀನಿ."

ಅವಳು ಹೊರಗೆ ಹೋದಳು. ಇಬ್ಬರೂ ಅಧ್ಯಾಪಕರು ಐದಕ್ಕೆ ಐದು ಬರೆದಿದ್ದರು. ಸಂಜೀವ ಪುಸ್ತಿಕೆಯ ಒಂಬತ್ತನೆಯ ಪುಟ ತೆಗೆದು ಮೇಜಿನ ನಡುವೆ ಇಟ್ಟ.

"ಆರನೆಯ ನಿಯಮ," ಎಂದ.

ಮಾಧವಿ ಗಟ್ಟಿಯಾಗಿ ಓದಿದಳು. "ಅಧ್ಯಯನಕ್ಕೆ ಒಳಪಡುವವರ ರಕ್ತಸಂಬಂಧಿಗಳನ್ನು ಸಹಾಯಕರನ್ನಾಗಿ ಆರಿಸತಕ್ಕದ್ದಲ್ಲ." ತಲೆ ಎತ್ತಿದಳು. "ಆಕಿಗೆ ಬ್ಯಾರೆ ಊರು ಕೊಟ್ರಾತಲ್ರಿ ಸರ್. ಹಿರೇಕೊಟ್ನೆಕಲ್ ನಾನಽ ಮಾಡ್ತೀನಿ."

"ಗುಂಪು ಊರೂರಿಗೆ ಹೋಗುತ್ತದೆ. ಎಲ್ಲಿ ಹೋದರೂ ಗುರುತಿನವರೇ."

"ಗುರುತು ಇದ್ದಿದ್ದಕ್ಕಽ ಅಲ್ರೀ ಆಕಿಗೆ ಅಷ್ಟು ತಿಳಿದದ್ದು?"

"ಅದು ಮಾಹಿತಿ. ಸಂಶೋಧನೆಗೆ ದೂರ ಬೇಕು."

"ನೀವು ಹೇಳಿದಂಗ ಸರ್," ಎಂದಳು ಮಾಧವಿ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಮೊದಲ ಯೋಜನೆ, ರಾಯಚೂರಿನಿಂದ ಬಂದವರ ಮಾತು ಮೀರಿ ನಡೆದು ಗೊತ್ತಿಲ್ಲ. ನಿಯಮವನ್ನು ಸಡಿಲಿಸುವ ಅಧಿಕಾರ ಸಂಯೋಜಕನಿಗೆ ಇದೆ ಎಂದು ಹದಿಮೂರನೆಯ ಪುಟದಲ್ಲಿತ್ತು. ಅಷ್ಟು ದೂರ ಅವರಿಬ್ಬರೂ ಓದಿರಲಿಲ್ಲ. ಸಂಜೀವ ಹೇಳಲಿಲ್ಲ.

ಸೈಫುದ್ದೀನ್ ಹಾಳೆ ಜೋಡಿಸುತ್ತ, "ತಾವು ಮೂಲ ಎಲ್ಲ್ಯಾವ್ರು ಸಾಹೇಬ್ರ?" ಎಂದ.

"ರಾಯಚೂರು."

"ಖಾಸ್ ರಾಯಚೂರೇನ್ರಿ?"

"ಹೌದು."

ಹನ್ನೆರಡು ವರ್ಷದಿಂದ ಹೇಳಿಕೊಂಡು ಬಂದ ಉತ್ತರ ಅದು. ಅದು ಸುಳ್ಳು ಎನ್ನುವುದೂ ಈಗೀಗ ಅವನಿಗೆ ಪ್ರಯತ್ನಪಟ್ಟರೆ ಮಾತ್ರ ನೆನಪಾಗುತ್ತಿತ್ತು.

ಆರಿಸದವರಿಗೆ ಸಂಯೋಜಕನೇ ಮುಖತಃ ತಿಳಿಸಬೇಕೆಂದು ಎಂಟನೆಯ ನಿಯಮ. ಬರೆಯುವಾಗ ಅದು ಬಹಳ ಮಾನವೀಯವಾಗಿ ಕಂಡಿತ್ತು. ಕಲ್ಯಾಣಿ ವರಾಂಡದ ಕಟ್ಟೆಯ ಮೇಲೆ ಕೂತಿದ್ದಳು. ಅವನನ್ನು ಕಂಡು ಎದ್ದಳು.

"ನಿಮ್ಮ ಹೆಸರನ್ನು ಕಾಯ್ದಿರಿಸಿದ ಪಟ್ಟಿಯಲ್ಲಿ ಇಟ್ಟಿದ್ದೇವೆ."

"ಹಂಗಂದ್ರ ಆಗಲಿಲ್ಲ ಅಂತಲ್ರೀ?"

"ಹೌದು."

"ಏನು ತಪ್ಪಾತ್ರಿ ಸರ್?"

"ತಪ್ಪಲ್ಲ. ಉತ್ತರ ಚೆನ್ನಾಗಿತ್ತು. ಆದರೆ ನೀವು ನಿಮ್ಮ ತಾಯಿಯವರನ್ನೇ ಪ್ರಶ್ನೆ ಕೇಳಬೇಕಾಗಿ ಬರುತ್ತಿತ್ತು."

"ಅದಕ್ಕೇನ್ರಿ?"

ಸಂಜೀವ ಕಟ್ಟೆಯನ್ನು ನೋಡಿದ.

ಅವನು ಕಾಲೇಜಿನಲ್ಲಿ ಓದುತ್ತಿದ್ದಾಗಿನ ಮಾತು. ಅವನಿಗೆ ಆಗ ಇಪ್ಪತ್ತು ವರ್ಷ. ಪ್ರೊಫೆಸರೊಬ್ಬರಿಗೆ ಸಹಾಯಕನಾಗಿದ್ದ, ಬಿ.ಎ. ಎರಡನೆಯ ವರ್ಷದಲ್ಲೇ, ಕಾಲೇಜಿಗೆಲ್ಲ ಅದು ಸುದ್ದಿಯಾಗಿತ್ತು. ದೇವದುರ್ಗದ ಕಡೆಯ ಹೊಲವೊಂದರಲ್ಲಿ ಹತ್ತಿ ಬಿಡಿಸುವವರನ್ನು ಮಾತಾಡಿಸುತ್ತ ಹೋದರು. ಸಾಲಿನ ಕೊನೆಯಲ್ಲಿ ಅವನ ತಾಯಿ ಇದ್ದಳು. ಪ್ರೊಫೆಸರು, "ಇವರನ್ನೂ ಕೇಳಿಬಿಡು," ಎಂದರು. ಇವರು ನಮ್ಮ ತಾಯಿ ಎನ್ನಲು ಒಂದು ಉಸಿರಿನಷ್ಟು ಹೊತ್ತಿತ್ತು. ಅವನು ಪೆನ್ನು ತೆಗೆದ.

"ನಿಮ್ಮ ಹೆಸರು?"

ಸೂಗಮ್ಮ ಅವನನ್ನು ನೋಡಿದಳು. ಅವನ ಇಸ್ತ್ರಿ ಅಂಗಿಯನ್ನು, ಪಕ್ಕದ ಸಾಹೇಬರನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಸೂಗಮ್ಮ ರೀ."

"ಮಕ್ಕಳೆಷ್ಟು?"

"ಇಬ್ರು ರೀ. ಗಂಡುಮಕ್ಕಳು."

"ಏನು ಮಾಡುತ್ತಾರೆ?"

"ಸಣ್ಣಾಂವ ದನ ಕಾಯ್ತಾನ್ರಿ. ದೊಡ್ಡಾಂವ ಓದಾಕತ್ಯಾನ್ರಿ, ರಾಯಚೂರಾಗ."

ಅವನು ಬರೆದುಕೊಂಡ. ಆ ವಾರ ಮನೆಗೆ ಹೋದಾಗ ಅವಳು ಎಂದಿನಂತೆ ರೊಟ್ಟಿ ಬಡಿದು ಹಾಕಿದಳು. ಆ ಮಾತು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಈ ಇಪ್ಪತ್ತನಾಲ್ಕು ವರ್ಷ ಎತ್ತಿಲ್ಲ.

"ಮಗಳ ಮುಂದೆ ತಾಯಿ ಸುಳ್ಳು ಹೇಳುತ್ತಾಳೆ," ಎಂದ ಸಂಜೀವ. ತನ್ನ ದನಿ ತನಗೇ ಪಾಠ ಹೇಳಿದಂತೆ ಕೇಳಿಸಿತು.

ಕಲ್ಯಾಣಿ ವೇಲ್‌ನ ಧೂಳು ಕೊಡವಿದಳು. "ಹೇಳಿದ್ರ ಹೇಳ್ಲಿ ಬಿಡ್ರಿ. ಯಾಕ ಸುಳ್ಳು ಹೇಳಿದ್ಲು ಅನ್ನೋದು ನನಗ ಗೊತ್ತಿರ್ತದಲ್ರೀ."

ಅವಳು ಉತ್ತರಕ್ಕೆ ಕಾಯುವಷ್ಟು ಕಾದಳು. ಆಮೇಲೆ, "ನನ್ನ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ವಾಪಸ್ ಸಿಗ್ತಾವೇನ್ರಿ? ಬ್ಯಾರೆ ಕಡಿ ಹಾಕಾಕ ಬೇಕಾಗ್ತಾವ," ಎಂದಳು. ಅವನು ಒಳಗೆ ಹೋಗಿ ತಂದುಕೊಟ್ಟ. ಅವಳು ಹಾಳೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡು, "ಬರ್ತೀನ್ರಿ ಸರ್," ಎಂದು ತರಗತಿಯ ಕಡೆ ನಡೆದಳು. ಅಳಲಿಲ್ಲ, ತಿರುಗಿ ನೋಡಲೂ ಇಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎನಿಸಿ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಬಸ್ ನಿಲ್ದಾಣದಲ್ಲಿ ರಾಯಚೂರಿನ ಬಸ್ಸು ತುಂಬಿ ಹೊರಡುವುದರಲ್ಲಿತ್ತು. ಪಕ್ಕದಲ್ಲಿ ದೇವದುರ್ಗದ್ದು ಅರ್ಧ ಖಾಲಿ ನಿಂತಿತ್ತು. ಸಂಜೀವ ಖಾಲಿ ಇದ್ದದ್ದನ್ನು ಹತ್ತಿದ. ಜಾಗ ಇತ್ತು ಎಂದು ಹತ್ತಿದೆ ಅಂದುಕೊಂಡ.

"ಎಲ್ಲಿಗ್ರಿ?" ಎಂದ ಕಂಡಕ್ಟರ್.

"ಸಿರವಾರ."

ಸಿರವಾರ ಅರ್ಧದಾರಿ. ಅಲ್ಲಿಂದ ದೇವದುರ್ಗಕ್ಕೂ ಹೋಗಬಹುದು, ಇಳಿದು ರಾಯಚೂರಿಗೂ ತಿರುಗಬಹುದು. ದೇವದುರ್ಗದಲ್ಲಿ ತಮ್ಮ ಉರುಕುಂದಪ್ಪನ ಮನೆಯಲ್ಲಿ ತಾಯಿ ಇದ್ದಳು. ಊರು ಬಿಟ್ಟು ಬಂದು ಎಂಟು ವರ್ಷವಾಗಿತ್ತು. ಮೊಮ್ಮಕ್ಕಳು, ಓಣಿಯ ಹೆಂಗಸರು, ಟೀವಿ. ಸುಖವಾಗಿಯೇ ಇದ್ದಳು. ಅವನು ಹೋದಾಗ ಮಾತ್ರ ಎದ್ದು ಕುರ್ಚಿ ಹಾಕುತ್ತಿದ್ದಳು.

ಫೋನ್ ಮಾಡಿದ. ಉರುಕುಂದಪ್ಪ ಎತ್ತಿದ.

"ಅಣ್ಣಾ, ಏನು ಈ ಹೊತ್ತಿನ್ಯಾಗ?"

"ಸುಮ್ಮನೆ. ಎಲ್ಲರೂ ಹೇಗಿದ್ದೀರಿ?"

"ಆರಾಮ ಅದೀವಿ. ಅವ್ವ ಇಲ್ಲೇ ಕುಂತಾಳ, ಕೊಡ್ಲೇನು?"

ಆ ಕಡೆಯಿಂದ ಬಳೆಯ ಸದ್ದು ಕೇಳಿಸಿತು. ಅವಳು ಆಗಲೇ ಕೈ ಚಾಚಿರಬೇಕು.

"ಬೇಡ ಬಿಡು. ಬಸ್ಸಿನಲ್ಲಿದ್ದೇನೆ, ಕೇಳಿಸುವುದಿಲ್ಲ."

ಬಸ್ಸು ಸದ್ದಿಲ್ಲದೆ ನಿಂತಿತ್ತು. ದಾರಿಯ ನಡುವೆ ಟೈರು ಪಂಕ್ಚರಾಗಿ, ಡ್ರೈವರು ಎಂಜಿನ್ ಆರಿಸಿ ಇಳಿದಿದ್ದ. ಪ್ರಯಾಣಿಕರು ಒಬ್ಬೊಬ್ಬರೇ ಇಳಿದು ಜಾಲಿಗಿಡದ ನೆರಳಿಗೆ ಹೋದರು. ಸಂಜೀವ ಕೂತೇ ಇದ್ದ.

ಕಿಟಕಿಯ ಆಚೆ ಕೆಸರುಗದ್ದೆಯಲ್ಲಿ ಹೆಂಗಸರು ಸಸಿ ಹಚ್ಚುತ್ತಿದ್ದರು. ಎಲ್ಲರೂ ಬಗ್ಗಿದ್ದರು. ಮುಖ ಯಾರದೂ ಕಾಣುತ್ತಿರಲಿಲ್ಲ. ಒಂದು ಹಿಡಿ ಊರುವುದು, ಒಂದು ಹೆಜ್ಜೆ ಹಿಂದಕ್ಕೆ ಇಡುವುದು. ಕಾಲು ಕಿತ್ತ ಕಡೆ ಕುಳಿ ಬೀಳುತ್ತಿತ್ತು. ಕೆಸರು ನೀರು ಸರಸರನೆ ಬಂದು ಅದನ್ನು ತುಂಬುತ್ತಿತ್ತು. ಅದರ ಮೇಲೆ ಸಸಿ ನಿಲ್ಲುತ್ತಿತ್ತು. ಅವನು ಅವರನ್ನು ಎಣಿಸಲು ನೋಡಿದ. ಒಂದು ಸಲ ಹದಿನಾರು ಬಂತು, ಇನ್ನೊಂದು ಸಲ ಹದಿನೇಳು.

ನಡುವೆ ಒಬ್ಬಾಕೆ ಸೊಂಟ ಹಿಡಿದು ನೆಟ್ಟಗೆ ನಿಂತಳು. ಬಸ್ಸಿನ ಕಡೆ ನೋಡಿ ಕೈ ಎತ್ತಿದಳು. ಕರೆದಳೋ, ಕಣ್ಣಿಗೆ ಬಿಸಿಲು ಮರೆಮಾಡಿಕೊಂಡಳೋ ತಿಳಿಯಲಿಲ್ಲ. ಸಂಜೀವನ ಕೈ ತೊಡೆಯ ಮೇಲಿಂದ ತುಸು ಮೇಲೆದ್ದಿತು. ಅಷ್ಟರಲ್ಲಿ ಅವಳು ಮತ್ತೆ ಬಗ್ಗಿದಳು. ಉಳಿದವರಲ್ಲಿ ಅವಳು ಯಾರೆಂದು ಗುರುತು ಹತ್ತದೆ ಹೋಯಿತು.

ಹಿಂದೆ ಹಿಂದೆ ಸರಿಯುತ್ತ ಅವರು ಬದುವಿಗೆ ಬಂದು ತಲುಪಿದರು. ಒಬ್ಬೊಬ್ಬರಾಗಿ ಮೇಲೆ ಹತ್ತಿ, ಕಾಲುವೆಯ ಏರಿ ದಾಟಿ ಆಚೆ ಇಳಿದರು. ಗದ್ದೆ ಈ ತುದಿಯಿಂದ ಆ ತುದಿಯವರೆಗೆ ಹಸಿರಾಗಿ, ಸಾಲು ಸಾಲಾಗಿ, ನೀರಿನಲ್ಲಿ ಅಲುಗದೆ ನಿಂತಿತ್ತು. ಅದರಲ್ಲಿ ಎಲ್ಲಿಯೂ ಯಾರೂ ಕಾಲಿಟ್ಟ ಗುರುತಿರಲಿಲ್ಲ.