ತಾತನಿಗೆ ತಿರುಗಿ ಸುರಿದ ಬಟ್ಟಲು

ಹಡಗುಕಟ್ಟೆ ಮುಚ್ಚುವವರೆಗೆ ಪ್ಯೊ ಮಾನ್‌ಸೊಕ್ ಬೆಸುಗೆಯವರ ಮೇಸ್ತ್ರಿ. ಈಗ ಐವತ್ತಾರರ ವಯಸ್ಸಿನಲ್ಲಿ ಕಡಲ ತೀರದ ಊರಾದ ತೊಂಗ್ಯಂಗ್‌ನ ವೃದ್ಧಾಶ್ರಮವೊಂದರಲ್ಲಿ ಆರೈಕೆ ಕೆಲಸ ಕಲಿಯುವ ವಿದ್ಯಾರ್ಥಿ. ತರಬೇತಿಯಲ್ಲಿ ಅವನೊಬ್ಬನೇ ಗಂಡಸು. ಉಳಿದವರೆಲ್ಲ ಕಡಲ ಸಿಂಪಿಯ ಚಿಪ್ಪು ಬಿಡಿಸಿ ಬಿಡಿಸಿ ಕೈ ಒರಟಾದ ಹೆಂಗಸರು. "ಮೇಸ್ತ್ರಿಗಳೇ, ಹಾಸಿಗೆ ಹಾಸೋಕೆ ಬೆಸುಗೆ ಬೇಡ್ರೀ" ಎಂದು ರೇಗಿಸುತ್ತಿದ್ದರು. ಅವನು ಹಲ್ಲು ಕಚ್ಚಿ ಹೊದಿಕೆ ಮಡಿಸುತ್ತಿದ್ದ. ಪಾಸಾದರೆ ಕೆಲಸ ಇಲ್ಲಿಯೇ ಇತ್ತು. ಮುದುಕರನ್ನು ಎತ್ತಿ ಸ್ನಾನ ಮಾಡಿಸಲು ಆಶ್ರಮಕ್ಕೆ ಗಂಡಾಳೊಬ್ಬ ಬೇಕಾಗಿದ್ದ. ಈ ವಯಸ್ಸಿನಲ್ಲಿ ಬೇರೆಲ್ಲೂ ಅವನನ್ನು ಬಾ ಎನ್ನುವವರಿರಲಿಲ್ಲ.

ಅವನ ಪಾಲಿಗೆ ಬಂದದ್ದು ಕೂ ತಾತ, ಹಳೇ ದೋಣಿಯವನು. ಪಾರ್ಶ್ವವಾಯು ಹೊಡೆದ ಮೇಲೆ ತಾತನ ಗಂಟಲು ನೆಟ್ಟಗಿರಲಿಲ್ಲ. ನೀರಿಗೂ ಪುಡಿ ಬೆರೆಸಿ ಗಂಜಿಯಂತೆ ಗಟ್ಟಿ ಮಾಡಿ ಕೊಡಬೇಕು, ತೆಳ್ಳಗಿದ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಮುಖ್ಯ ನರ್ಸ್ ಒಕ್ ಮೊದಲೇ ಎಚ್ಚರಿಸಿದ್ದಳು.

ಕೊನೆಯ ವಾರ ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ತಾತ ಮಾನ್‌ಸೊಕ್‌ನ ಬಾರ್ಲಿ ಚಹಾದ ಕೆಟಲನ್ನು ಎಳೆದುಕೊಂಡ. "ಬಟ್ಟಲು ಹಿಡಿಯೋ ಹುಡುಗಾ." ತಾತನ ಲೆಕ್ಕದಲ್ಲಿ ಅದು ಅಕ್ಕಿಯ ಹೆಂಡ. ಹಿರಿಯರು ಸುರಿದದ್ದನ್ನು ಒಲ್ಲೆ ಅನ್ನುವುದುಂಟೇ? ಮಾನ್‌ಸೊಕ್ ಎರಡೂ ಕೈಯಲ್ಲಿ ಹಿಡಿದು, ಹಿರಿಯರೆದುರು ಕುಡಿಯುವ ರೂಢಿಯಂತೆ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದ. ಕುಡಿದವನು ತಿರುಗಿ ಸುರಿಯಬೇಕು. ಜೀವಮಾನವಿಡೀ ದೊಡ್ಡವರಿಗೆ ಸುರಿದ ಕೈ, ತಲೆಯನ್ನು ಕೇಳದೆ ಸುರಿದೇಬಿಟ್ಟಿತು. ತಾತ ಒಂದೇ ಗುಟುಕಿಗೆ ಏರಿಸಿದ. ಮರುಗಳಿಗೆಯಲ್ಲಿ ಮುಖ ನೀಲಿಗಟ್ಟಿತು.

ನರ್ಸ್ ಒಕ್ ಓಡಿಬಂದು ತಾತನನ್ನು ಬಗ್ಗಿಸಿ ಬೆನ್ನಿಗೆ ಬಡಿದಳು. ಅಂತೂ ಉಸಿರು ಮರಳಿತು.

"ತೆಳ್ಳಗಿನ್ದು ಯಾರು ಕೊಟ್ಟಿದ್ದು?"

"ತಾತನೇ ಕಿತ್ಕೊಂಡಿರ್ಬೇಕು ಬಿಡಿ ಮೇಡಂ" ಎಂದಳು ಪಕ್ಕದ ಹೆಂಗಸು. ದಿನವೂ ರೇಗಿಸುತ್ತಿದ್ದವಳೇ.

ಆ ಮಾತಿನ ಮರೆಗೆ ಸರಿಯಲು ಮಾನ್‌ಸೊಕ್‌ಗೆ ನಿಜವಾಗಿಯೂ ಆಸೆಯಾಯಿತು. ಆದರೆ ಕಿತ್ತುಕೊಳ್ಳುವವರನ್ನು ಇಲ್ಲಿ ಕೋಣೆಯಲ್ಲಿ ಒಬ್ಬರನ್ನೇ ಕೂರಿಸಿ ಉಣಿಸುತ್ತಿದ್ದರು. ತಾತನಿಗೆ ಆ ಗತಿ ಬರುವುದು ಅವನಿಗೆ ಬೇಡವಾಗಿತ್ತು.

"ನಾನೇ. ಅವ್ರು ಸುರಿದ್ರು, ನಾನು ತಿರುಗಿ ಸುರಿದೆ."

ಒಕ್ ಕೆಟಲನ್ನು ತಾತನ ಕೈಗೆಟುಕದಂತೆ ಸರಿಸಿದಳು. "ಮರ್ಯಾದೆ ಮಾಡೋಕೆ ಹೋಗಿ ಮಣ್ಣು ಮಾಡ್ತಿದ್ರಿ. ಈ ಸಲ ಪಾಸಿಲ್ಲ. ಮುಂದಿನ್ ತಿಂಗ್ಳು ಮೊದಲಿಂದ ಮಾಡಿ. ಅಷ್ಟರೊಳಗೆ ಬೇರೆ ಆಳು ಸಿಕ್ಕಿದ್ರೆ ನಂಗೆ ಗೊತ್ತಿಲ್ಲ."

ಮುಂದಿನ ತಿಂಗಳು ಅವನು ಬಂದ. ಮೇಜಿಗೆ ಕೂರುವ ಮೊದಲು ತನ್ನ ಕೆಟಲಿಗೇ ಪುಡಿ ಹಾಕಿ, ಒಕ್‌ಗೆ ತೋರಿಸಿ, ಗಂಟಿಲ್ಲದಂತೆ ಕದಡಿದ. ತಾತ ಎಂದಿನಂತೆ ಕೆಟಲು ಎಳೆದುಕೊಂಡು ಸುರಿದ. ಮಾನ್‌ಸೊಕ್ ಮುಖ ತಿರುಗಿಸಿ ಆ ಲೋಳೆಯನ್ನು ಕಷ್ಟಪಟ್ಟು ನುಂಗಿದ. ಆಮೇಲೆ ಎರಡೂ ಕೈಯಿಂದ ತಿರುಗಿ ಸುರಿದ. ತಾತನ ಗಂಟಲಿನ ಮೇಲೇ ಕಣ್ಣಿಟ್ಟ.

ತಾತ ನಿಧಾನಕ್ಕೆ ಕುಡಿದ. ಕೆಮ್ಮಲಿಲ್ಲ. ಬಾಯಿ ಒರೆಸಿಕೊಂಡು, "ಇವತ್ತಿನ್ದು ಅಸಲಿ ಮಾಲು. ನೀರು ಬೆರೆಸಿಲ್ಲ" ಎಂದ.

ಒಕ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮೇಸ್ತ್ರಿಗಳೇ, ಬೇರೆ ಆಳು ಹುಡುಕೋದು ನಿಲ್ಲಿಸ್ತೀನಿ" ಎಂದಳು.

ಮಾನ್‌ಸೊಕ್ ಎದ್ದು ನಮಸ್ಕರಿಸಬೇಕೆಂದಿದ್ದ. ಆಗಲಿಲ್ಲ, ತಾತ ಆಗಲೇ ಎರಡನೆಯ ಬಟ್ಟಲು ಸುರಿದು ಕಾಯುತ್ತಿದ್ದ.